ಚಿಕ್ಕವ್ವನ ಮಿಲ್ಲೂ ಜರ್ಮನಿಯ ಕ್ಯಾಸೆಟ್ಟೂ

ಕ್ಯಾಸೆಟ್ಟು ದಾರಿಯಲ್ಲೇ ಕಳೆದುಹೋಗಬಹುದಿತ್ತು. ಕಸ್ಟಮ್ಸಿನವರು ಪಾರ್ಸೆಲು ಬಿಚ್ಚಿ ನೋಡಿ, ಒಳಗೆ ಚಿನ್ನ ಇಲ್ಲವಲ್ಲ ಎಂಬ ಬೇಸರಕ್ಕೆ ಅದನ್ನು ಮೂಲೆಗೆ ಎಸೆಯಬಹುದಿತ್ತು. ಗುಂಡ್ಲುಪೇಟೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಓದಲಾಗದ ಯಾರೋ ಪುಣ್ಯಾತ್ಮರು ಗುಂಟೂರಿಗೆ ಕಳಿಸಿಬಿಡಬಹುದಿತ್ತು. ಬಂದು ತಲುಪಿದರೂ ಬಿಸಿಲಿಗೆ ರೀಲು ಸುಕ್ಕುಗಟ್ಟಿರಬಹುದಿತ್ತು. ರಾಗಿಯೊಳಗಿನ ಮೊಳೆ ಹಿಡಿಯಲೆಂದು ಮಿಲ್ಲಿನ ಬಾಯಿಗೆ ಕಟ್ಟಿದ್ದ ಅಯಸ್ಕಾಂತದ ಹತ್ತಿರ ಯಾರಾದರೂ ಅದನ್ನು ಇಟ್ಟು, ಇದ್ದಬದ್ದ ಸದ್ದೆಲ್ಲ ಅಳಿಸಿಹೋಗಬಹುದಿತ್ತು. ಚಿಕ್ಕವ್ವನ ದನಿ ಚೆನ್ನಾಗಿಲ್ಲವೆಂದು, ಅದನ್ನು ರೆಕಾರ್ಡು ಮಾಡಿಕೊಂಡು ಹೋಗಿದ್ದ ಜರ್ಮನಿಯವನು ಕೊನೆಗಳಿಗೆಯಲ್ಲಿ ಕತ್ತರಿಸಿ ಬಿಸಾಡಿರಬಹುದಿತ್ತು. ಕತ್ತರಿಸದೆ ಅದರ ಪಕ್ಕದಲ್ಲಿ ಕೇಳಬಾರದ ಇನ್ನೊಂದು ದನಿ ಸೇರಿಸಿರಬಹುದಿತ್ತು. ಕವರಿನ ಮೇಲೆ ಸರಿಯಾಗಿ ಬಟ್ಟೆ ತೊಡದ ಹೆಂಗಸಿನ ಚಿತ್ರ ಅಚ್ಚು ಹಾಕಿಸಿರಬಹುದಿತ್ತು. ಆಗ ಚಿಕ್ಕಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕಬಹುದಿತ್ತು. ಪರದೇಶದಿಂದ ಪಾರ್ಸೆಲು ತರಿಸುವ ಮೇಷ್ಟ್ರು ಯಾರು ಎಂದು ಪೊಲೀಸಿನವರು ಕೇಳಿಕೊಂಡು ಬರಬಹುದಿತ್ತು.

ಇಷ್ಟನ್ನೂ ನಾನು ಒಂದೊಂದಾಗಿ, ಮುದ್ದೆ ಮುರಿಯುವುದನ್ನೂ ಮರೆತು ಚಿಂತಿಸಿದ್ದೆ. ಒಂದೂ ಆಗಲಿಲ್ಲ. ಇಷ್ಟರಲ್ಲಿ ಯಾವುದೂ ಅಲ್ಲದ ಒಂದು ಸಣ್ಣ ಸಂಗತಿ ಮಾತ್ರ ಎಡವಟ್ಟಾಯಿತು.

ಮೊನ್ನೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಟ್ರಂಕಿನಿಂದ ಆ ಕ್ಯಾಸೆಟ್ಟು ಹೊರಗೆ ಬಿತ್ತು. ‘ಇದನ್ನ ಗುಜರಿಯವನಿಗೆ ಹಾಕಲಾ?’ ಎಂದು ನನ್ನ ಹೆಂಡತಿ ಕೇಳಿದಳು. ಕೇಳಿಸಲು ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲ. ಇದ್ದಿದ್ದರೂ ನಾನು ಹಾಕುತ್ತಿರಲಿಲ್ಲ, ರೀಲು ಸುತ್ತಿಕೊಂಡರೆ ಗತಿ ಏನು? ಒರೆಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬೂದು ಬಣ್ಣದ ಕವರು, ಮೇಲೆ ಹಲ್ಲುಚಕ್ರದ ಚಿತ್ರ. ಬಟ್ಟೆಯಿಲ್ಲದ ಹೆಂಗಸು ಯಾರೂ ಇಲ್ಲ.

ಚಿಂತೆ ನನಗೆ ಹುಟ್ಟಿನಿಂದ ಬಂದದ್ದು. ಬೇರೆ ಮಕ್ಕಳು ಹುಟ್ಟುವಾಗ ಮುಷ್ಟಿ ಬಿಗಿಹಿಡಿದಿರುತ್ತವೆ, ಇವನು ಹಣೆಗೆ ಕೈ ಇಟ್ಟುಕೊಂಡೇ ಬಂದ ಎಂದು ನಮ್ಮವ್ವ ಹೇಳುತ್ತಿದ್ದಳು. ಹತ್ತನೇ ಕ್ಲಾಸು ಪಾಸಾದಾಗ, ನನ್ನದೇ ಹೆಸರಿನ ಇನ್ನೊಬ್ಬನ ನಂಬರು ನನಗೆ ಬಂದಿರಬೇಕೆಂದು ಜುಲೈವರೆಗೂ ಯಾರಿಗೂ ಸಿಹಿ ಹಂಚಲಿಲ್ಲ. ಮೈಸೂರಿನ ಬಸ್ಸು ಹತ್ತಿದರೆ ನಂಜನಗೂಡು ಬರುವ ತನಕ ಇದು ಮೈಸೂರಿನದೇ ಹೌದೇ ಎಂದು ಪಕ್ಕದವರನ್ನು ಕೇಳುತ್ತಿರುತ್ತೇನೆ. ಈಗ ಐವತ್ತು ದಾಟಿದೆ. ಚಿಂತೆಗೆ ವಯಸ್ಸಾಗಿಲ್ಲ.

ಇರಲಿ. ಆ ಕಾಲಕ್ಕೆ ನನಗೆ ಇಪ್ಪತ್ತೈದರ ಆಸುಪಾಸು. ನಮ್ಮೂರು ಭೀಮನಬೀಡು. ಕೆಲಸ ಗುಂಡ್ಲುಪೇಟೆಯ ಒಂದು ಟ್ಯುಟೋರಿಯಲ್ಲಿನಲ್ಲಿ. ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಫೇಲಾದವರಿಗೆ, ಅದೇ ಇಂಗ್ಲಿಷಿನಲ್ಲಿ ಕೂದಲೆಳೆಯಲ್ಲಿ ಪಾಸಾಗಿದ್ದ ನಾನು ಪಾಠ ಹೇಳುತ್ತಿದ್ದೆ. ನಾನು ಕಲಿಸುತ್ತಿದ್ದ ವಿದ್ಯೆಯೆಂದರೆ ಮುಖ್ಯವಾಗಿ ಎರಡು: ಅಕ್ಷರ ದುಂಡಗೆ ಬರೆಯಿರಿ, ಹೆಡ್ಡಿಂಗಿನ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆಯಿರಿ. ವಾಸ ಚಿಕ್ಕವ್ವನ ಮನೆಯಲ್ಲಿ. ಚಿಕ್ಕವ್ವ ಎಂದರೆ ನಮ್ಮವ್ವನ ತಂಗಿ. ಮನೆಯ ಮುಂಭಾಗದಲ್ಲೇ ಹಿಟ್ಟಿನ ಮಿಲ್ಲು.

ಆ ಮಿಲ್ಲು ನನಗೆ ಚಿಕ್ಕಂದಿನಿಂದಲೇ ಗೊತ್ತು. ಬೇಸಿಗೆ ರಜೆಗೆಂದು ಅವ್ವ ನನ್ನನ್ನು ತಂದು ಬಿಟ್ಟರೆ ನಾನು ಇಡೀ ದಿನ ಮಿಲ್ಲಿನ ಹೊಸ್ತಿಲ ಮೇಲೆ. ಒಳಗೆ ಹೋದವರು ಅರ್ಧ ಗಂಟೆಗೆಲ್ಲ ಮುದುಕರಾಗಿ ಹೊರಗೆ ಬರುತ್ತಿದ್ದರು. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಬೆಳ್ಳಗೆ. ಬಟ್ಟೆಯ ಕೊಳವೆಯಿಂದ ಹಿಟ್ಟು ಬೀಳುವಾಗ ಅದರ ಹೊಟ್ಟೆಯನ್ನು ಮೆತ್ತಗೆ ತಟ್ಟುತ್ತಿರಬೇಕು, ಇಲ್ಲದಿದ್ದರೆ ಅರ್ಧ ಹಿಟ್ಟು ಒಳಗೇ ಕೂರುತ್ತದೆ. ಬೀಸಿದ ರಾಗಿಹಿಟ್ಟಿನ ಚೀಲವನ್ನು ತಬ್ಬಿಕೊಂಡರೆ ಜ್ವರ ಬಂದ ಮಗುವನ್ನು ಎತ್ತಿಕೊಂಡಷ್ಟು ಬಿಸಿ. ಖಾರದಪುಡಿಗೆ ಮಂಗಳವಾರ ಮಧ್ಯಾಹ್ನ ಮಾತ್ರ. ಆ ಹೊತ್ತಿಗೆ ಇಡೀ ಬೀದಿ ಸೀನುತ್ತಿತ್ತು. ಬಸ್ಸಿನಲ್ಲಿ ಹೋಗುವವರೂ ಕಿಟಕಿಯಿಂದ ಒಂದು ಸೀನು ಸೀನಿ ಹೋಗುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಸದ್ದು. ಮಿಲ್ಲು ತಿರುಗಿಸುವ ಪಟ್ಟೆಯನ್ನು ಹೊಲಿದು ಜೋಡಿಸಿದ್ದ ಜಾಗ ಗಾಲಿಯ ಮೇಲೆ ಬಂದಾಗಲೆಲ್ಲ ಒಂದು ‘ಟಪ್’. ಕರೆಂಟು ಹೋದರೆ ಹಿತ್ತಲಿನ ಡೀಸೆಲ್ ಎಂಜಿನ್ನಿನ ‘ಡುಗುಡುಗು’. ಅದರ ಮೇಲೆ ಜರಡಿಯ ‘ಚಿಸ್ ಚಿಸ್’. ಇವೆಲ್ಲದರ ಮೇಲೆ ಚಿಕ್ಕವ್ವನ ದನಿ: ‘ಯಾರ್ದಮ್ಮಾ...!’

ಆ ಕೂಗಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮಿಲ್ಲಿನಲ್ಲಿ ಜನ ಸಾಲು ನಿಲ್ಲುವುದಿಲ್ಲ, ಚೀಲಗಳು ನಿಲ್ಲುತ್ತವೆ. ಚೀಲವನ್ನೋ ತಗಡಿನ ಡಬ್ಬವನ್ನೋ ಸಾಲಿನಲ್ಲಿಟ್ಟು, ಹೆಂಗಸರು ಸಂತೆಗೋ ಆಸ್ಪತ್ರೆಗೋ ಪಕ್ಕದ ಜಗುಲಿಗೋ ಹೋಗಿಬಿಡುತ್ತಾರೆ. ಸರದಿ ಬಂದಾಗ ಚಿಕ್ಕವ್ವ ಚೀಲದ ಕತ್ತು ಹಿಡಿದೆತ್ತಿ ‘ಯಾರ್ದಮ್ಮಾ’ ಎಂದು ಕೂಗಬೇಕು. ಎಲ್ಲಿದ್ದರೂ ಅವರು ‘ನಂದು ಕಣವ್ವಾ’ ಎಂದು ಓಡಿಬರಬೇಕು. ಚೀಲ ತಂದವನು ಗಂಡಸಾದರೂ ಚಿಕ್ಕವ್ವ ‘ಯಾರ್ದಪ್ಪಾ’ ಎಂದವಳಲ್ಲ. ‘ಒತ್ಕ ಬಂದವ್ನು ಗಂಡ್ಸಾದ್ರ ಆಯ್ತ? ರಾಗಿ ಮಾಡಿದ್ದು ಅವ್ನಾ, ಕೇರಿದ್ದು ಅವ್ನಾ?’ ಎನ್ನುತ್ತಿದ್ದಳು. ಎಂಜಿನ್ನನ್ನೂ ಜರಡಿಯನ್ನೂ ದಾಟಿ ಬಸ್‌ಸ್ಟ್ಯಾಂಡು ಮುಟ್ಟುವ ದನಿ ಅದು.

ಮಿಲ್ಲಿನ ಬೋರ್ಡಿನಲ್ಲಿ ಮಾತ್ರ ಚಿಕ್ಕಪ್ಪನ ಹೆಸರು: ಶಿವಮಾದಪ್ಪ ಫ್ಲೋರ್ ಮಿಲ್. ಲೈಸೆನ್ಸಿನಲ್ಲೂ ಶಿವಮಾದಪ್ಪ. ಕರೆಂಟು ಬಿಲ್ಲಿನಲ್ಲಿ ಶಿವಮಾದಪ್ಪನ ತೀರಿಹೋದ ಅಪ್ಪ. ಚಿಕ್ಕಪ್ಪ ಒಳ್ಳೆಯವನೇ. ಬೆಳಿಗ್ಗೆ ಗಣಪತಿ ಫೋಟೋಗೆ ಊದುಬತ್ತಿ ಹಚ್ಚಿ, ಸ್ವಿಚ್ಚು ಒತ್ತಿ, ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಎದುರಿನ ಟೀ ಅಂಗಡಿಯ ಬೆಂಚಿಗೆ ಹೋಗಿ, ಅಲ್ಲಿಂದಲೇ ಮಿಲ್ಲು ನಡೆಸುತ್ತಿದ್ದ. ಊರವರ ಬಾಯಲ್ಲಿ ಚಿಕ್ಕವ್ವ ‘ಮಿಲ್ ಶಿವಮಾದಪ್ಪನ್ ಎಡ್ತಿ’. ಅವಳ ಹೆಸರು ಪುಟ್ಟತಾಯಮ್ಮ ಎಂದು ಅವಳ ಅಕ್ಕ, ಅಂದರೆ ನಮ್ಮವ್ವ, ಬಂದಾಗ ಮಾತ್ರ ನೆನಪಾಗುತ್ತಿತ್ತು.

ಮಗಳನ್ನು ಉಡಿಗಾಲಕ್ಕೆ ಕೊಟ್ಟು ಮದುವೆ ಮಾಡಿದಾಗ, ಲಗ್ನಪತ್ರಿಕೆ ಪ್ರೆಸ್ಸಿನಿಂದ ಬಂದ ದಿನ ಚಿಕ್ಕವ್ವ ನನ್ನನ್ನು ಕರೆದು ಓದಿಸಿದ್ದಳು. ‘ಶ್ರೀಮತಿ ಮತ್ತು ಶ್ರೀ ಶಿವಮಾದಪ್ಪನವರ ಪುತ್ರಿ’ ಎಂದು ಓದಿದೆ.

‘ನಾನೆಲ್ಲಿವ್ನಿ ಅದ್ರಲ್ಲಿ?’ ಎಂದಳು.

‘ಇಲ್ಲಿ ಚಿಕ್ಕವ್ವ, ಶ್ರೀಮತಿ ಅಂತ.’

‘ಶ್ರೀಮತಿ ಎಲ್ರ ಮನೇಲೂ ಇರ್ತಳ ಕಣ’ ಎಂದು ಎದ್ದುಹೋಗಿದ್ದಳು. ಸಿಟ್ಟೇನೂ ಇರಲಿಲ್ಲ. ಅಕ್ಕಿ ಆರಿಸುವಾಗ ಕಲ್ಲು ಸಿಕ್ಕರೆ ಎತ್ತಿ ಪಕ್ಕಕ್ಕಿಡುವಂತೆ ಇಟ್ಟುಬಿಟ್ಟಿದ್ದಳು. ಎಲ್ಲಿಟ್ಟಿದ್ದಾಳೆಂದು ಆಗ ನನಗೆ ತಿಳಿಯಲಿಲ್ಲ.

ಆಮೇಲೆ ಬಂದವನು ಮಾರ್ಟಿನ್. ಹಳೆಯ ಬುಲೆಟ್ಟಿನಲ್ಲಿ ಮೈಸೂರಿನಿಂದ ಊಟಿಗೆ ಹೊರಟಿದ್ದ ಜರ್ಮನಿಯ ಹುಡುಗ. ಗುಂಡ್ಲುಪೇಟೆಗೆ ಬರುವಷ್ಟರಲ್ಲಿ ಬುಲೆಟ್ಟು ಕೈಕೊಟ್ಟಿತು. ಸಾಮಾನು ಮೈಸೂರಿನಿಂದಲೇ ಬರಬೇಕೆಂದು ಮೆಕ್ಯಾನಿಕ್ಕು ಹೇಳಿದ; ಅದು ಬರುವವರೆಗೆ ಇವನು ಬಸ್‌ಸ್ಟ್ಯಾಂಡಿನ ಲಾಡ್ಜಿನಲ್ಲಿ ಉಳಿದ. ಈರುಳ್ಳಿ ಮಂಡಿ ನೋಡಿದ, ಕೇರಳದ ಲಾರಿಗಳನ್ನು ನೋಡಿದ; ಊರು ನೋಡುವುದು ಅಷ್ಟಕ್ಕೇ ಮುಗಿಯಿತು. ಮಾರನೆಯ ದಿನ ಕರೆಂಟು ಹೋಗಿ ನಮ್ಮ ಡೀಸೆಲ್ ಎಂಜಿನ್ನು ಶುರುವಾದಾಗ, ಲಾಡ್ಜಿನಿಂದ ಇಳಿದು ಸದ್ದಿನ ಜಾಡು ಹಿಡಿದು ಬಂದು, ಮಿಲ್ಲಿನ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತನಂತೆ. ಚಿಕ್ಕವ್ವ ಟ್ಯುಟೋರಿಯಲ್ಲಿಗೆ ಹೇಳಿಕಳಿಸಿದಳು: ‘ಬಿಳಿಯವ್ನೊಬ್ಬ ತಲ ತಿರುಗಿ ನಿಂತವ್ನ. ಮೇಷ್ಟ್ರ ಕರ್ಕೊಂಡ್ ಬನ್ನಿ.’

ನನ್ನ ಇಂಗ್ಲಿಷು ಅಲ್ಲಿಯವರೆಗೆ ಇಂಗ್ಲಿಷ್ ಬಲ್ಲವರ ಎದುರು ಬಾಯಿ ಬಿಟ್ಟದ್ದಿಲ್ಲ. ದಾರಿಯುದ್ದಕ್ಕೂ ವ್ಯಾಕರಣ ನೆನೆಯುತ್ತ ಹೋದೆ. ಪುಣ್ಯಕ್ಕೆ ಅವನ ಇಂಗ್ಲಿಷೂ ನನ್ನದರಂತೆಯೇ ತಗ್ಗುದಿಣ್ಣೆ. ತಲೆ ತಿರುಗಿರಲಿಲ್ಲ, ಅವನಿಗೆ ನಮ್ಮ ಮಿಲ್ಲಿನ ಸದ್ದು ಬೇಕಾಗಿತ್ತು. ‘ಐ ಮೇಕ್ ಟೆಕ್ನೋ’ ಎಂದ. ಟೆಕ್ನೋ ಎಂದರೇನೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿರುವಂತೆ ತಲೆಯಾಡಿಸಿದೆ. ತಾನೂ ತನ್ನ ಗೆಳೆಯರೂ ಸೇರಿ ಒಂದು ಅಂಡರ್‌ಗ್ರೌಂಡ್ ಲೇಬಲ್ ನಡೆಸುತ್ತೇವೆಂದ. ಲೇಬಲ್ ಎಂದರೆ ನನಗೆ ಗೊತ್ತಿದ್ದದ್ದು ಔಷಧಿ ಸೀಸೆಯ ಮೇಲೆ ಅಂಟಿಸುವ ಚೀಟಿ. ಅಂಡರ್‌ಗ್ರೌಂಡ್ ಎಂದರೆ, ನಮ್ಮ ಕಡೆ ಆಗ ಆ ಪದಕ್ಕೆ ಎರಡೇ ಅರ್ಥ. ಒಂದು, ಪುರಸಭೆಯವರು ಪ್ರತಿ ಚುನಾವಣೆಗೂ ಮಾಡಿಸುತ್ತೇವೆನ್ನುತ್ತಿದ್ದ ಒಳಚರಂಡಿ. ಇನ್ನೊಂದು, ಪೊಲೀಸರಿಗೆ ಬೇಕಾಗಿ ಕಾಡು ಸೇರಿದವರು. ಕಾಡಿನ ದಾರಿಯಲ್ಲೆಲ್ಲ ಖಾಕಿ ಜೀಪುಗಳು ಓಡಾಡುತ್ತಿದ್ದ ಕಾಲವದು.

‘ಪ್ಲೀಸ್, ಆ ಮಾತು ಸ್ವಲ್ಪ ಮೆಲ್ಲಗೆ ಹೇಳಿ’ ಎಂದು ಬೇಡಿಕೊಂಡೆ.

ಅವನು ನಕ್ಕು, ತಮ್ಮದು ಮುಚ್ಚಿಹೋದ ಒಂದು ಕಾರ್ಖಾನೆಯ ನೆಲಮಾಳಿಗೆಯಲ್ಲಿ ನಡೆಯುವ ಸಣ್ಣ ಉದ್ಯೋಗ, ಯಂತ್ರಗಳಲ್ಲಿ ಸಂಗೀತ ಮಾಡಿ ನಾವೇ ಕ್ಯಾಸೆಟ್ಟು ತರುತ್ತೇವೆ, ದೊಡ್ಡ ಕಂಪನಿಗಳಿಗೆ ಕೊಡುವುದಿಲ್ಲ, ಕೇಳಿ ಕುಣಿಯುವವರು ಸ್ವಲ್ಪ ಜನ, ಎಂದು ವಿವರಿಸಿ, ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದುಕೊಟ್ಟ. ಚಿಕ್ಕಪ್ಪ ಟೀ ಅಂಗಡಿಯಿಂದ ಎದ್ದುಬಂದು ಮನೆಯ ಬ್ಯಾಟರಿ ಟೇಪ್ ರೆಕಾರ್ಡರಿಗೆ ಅದನ್ನು ಹಾಕಿದ. ‘ಡುಗ್ ಡುಗ್ ಡುಗ್ ಡುಗ್’ ಎಂದು ಶುರುವಾಯಿತು. ಎಲ್ಲರೂ ಹಾಡು ಬರಲೆಂದು ಕಾದೆವು. ‘ಡುಗ್ ಡುಗ್’ ಎನ್ನುತ್ತಲೇ ಇತ್ತು.

‘ಸಿಕ್ಕಾಕಂಡದ ಕಣ’ ಎಂದ ಚಿಕ್ಕಪ್ಪ. ಟೇಪಿನ ತಲೆಗೆ ಒಂದು ಪೆಟ್ಟು ಕೊಟ್ಟ. ಸದ್ದು ಬದಲಾಗಲಿಲ್ಲ. ಕ್ಯಾಸೆಟ್ಟು ತೆಗೆದು, ಸೀಸದಕಡ್ಡಿ ತೂರಿಸಿ ಸುತ್ತಿ, ಹತ್ತಿಗೆ ಸ್ಪಿರಿಟ್ಟು ಅದ್ದಿ ಹೆಡ್ಡು ಒರೆಸಿ, ಮತ್ತೆ ಹಾಕಿದ. ‘ಡುಗ್ ಡುಗ್ ಡುಗ್ ಡುಗ್.’

‘ಪಾಪ, ಅಷ್ಟು ದೂರದಿಂದ ತಂದವ್ನ, ಕೆಟ್ಟೋಗದ ಅಂತ ಎಂಗಪ್ಪ ಏಳದು’ ಎಂದು ಚಿಕ್ಕವ್ವ ಮರುಗಿದಳು. ಮಾರ್ಟಿನ್ನನಿಗೆ ನಾನು ಏನು ಹೇಳಲಿ? ‘ದೇ ಆರ್ ವೆರಿ ಇಂಟರೆಸ್ಟೆಡ್’ ಎಂದೆ.

ಅವನ ಕ್ಯಾಸೆಟ್ಟು ಓಡುತ್ತಿದ್ದ ಹಾಗೆಯೇ ಚಿಕ್ಕವ್ವ ಕೆಲಸಕ್ಕೆ ಹೊರಟಳು. ಹಿತ್ತಲಿನಲ್ಲಿ ಎಂಜಿನ್ನು, ಇಲ್ಲಿ ಟೇಪು, ಎರಡೂ ಜೋಡೆತ್ತಿನ ಹಾಗೆ ಹೆಜ್ಜೆ ಹಾಕತೊಡಗಿದವು. ಚಿಕ್ಕವ್ವ ಒಂದು ಚೀಲ ಎತ್ತಿ ‘ಯಾರ್ದಮ್ಮಾ...!’ ಎಂದಳು. ಮಾರ್ಟಿನ್ ಬೆಂಕಿ ತಗುಲಿದವನಂತೆ ನೆಗೆದು ತನ್ನ ಪುಟ್ಟ ರೆಕಾರ್ಡರು ಹೊರಗೆ ತೆಗೆದ. ಆ ಮಧ್ಯಾಹ್ನವೆಲ್ಲ ಹಿಟ್ಟು ಮೆತ್ತಿಕೊಂಡು ಸದ್ದು ತುಂಬಿಕೊಂಡ. ಸಂಜೆ ಅವನು ಹೊರಗೆ ಬಂದಾಗ ನಮ್ಮೂರ ಬಿಳಿಯರಿಗೂ ಅವನಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಚಿಕ್ಕವ್ವನ ಬಾಯಿಗೆ ಮಾರ್ಟಿನ್ ಎನ್ನುವುದು ಹಿಡಿಸದೆ, ಅವನು ಮಾರಪ್ಪನಾದ. ಮುದ್ದೆ ಉಂಡು, ‘ಸಾಕು’ ಎನ್ನುವ ಪದವನ್ನು ಕಲಿಯದೆ ಇನ್ನೂ ಒಂದು ಮುದ್ದೆ ಉಂಡು, ಬುಲೆಟ್ಟು ರಿಪೇರಿಯಾದ ಮೇಲೆ ಹೊರಟುಹೋದ. ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಅವನ ರೆಕಾರ್ಡರು ಹಾಕಿ ಕೇಳಿ, ಈ ದನಿ ಯಾರದೆಂದು ಹುಡುಕಿಕೊಂಡು ಬರುತ್ತಾರೆಂದು ನಾನು ನಾಲ್ಕಾರು ದಿನ ಜೀಪಿನ ಸದ್ದು ಕೇಳಿದರೆ ಕೋಣೆಯೊಳಗೆ ಹೋಗುತ್ತಿದ್ದೆ. ಯಾರೂ ಬರಲಿಲ್ಲ.

ಬಂದದ್ದು ಪಾರ್ಸೆಲು. ಎರಡು ಮೂರು ತಿಂಗಳಿಗೊಮ್ಮೆ ಅವರ ಹೊಸ ಬಿಡುಗಡೆಗಳು, ಒಂದೋ ಎರಡೋ ಕ್ಯಾಸೆಟ್ಟು, ‘ಮಿಲ್ಲಿನ ತಾಯಿಗೆ’ ಎಂಬ ಚೀಟಿಯೊಡನೆ ಬರತೊಡಗಿದವು. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಸಿಗದ ಸಂಗೀತ ಗುಂಡ್ಲುಪೇಟೆಯ ಹಿಟ್ಟಿನ ಮಿಲ್ಲಿಗೆ ಹೊಸದಾಗಿ ಬಂದಿಳಿಯುತ್ತಿತ್ತು. ಕೇಳುವವರು ಯಾರು? ಚಿಕ್ಕಪ್ಪನಿಗೆ ಮೊದಮೊದಲು ನಿದ್ದೆ ಬರುತ್ತಿತ್ತು. ಆಮೇಲೆ ಅದಿಲ್ಲದೆ ನಿದ್ದೆ ಬರದಾಯಿತು. ಮಧ್ಯಾಹ್ನ ಊಟವಾದ ಮೇಲೆ ‘ಮಾರಪ್ಪನ್ ಮಿಲ್ ಆಕ್ಲಾ’ ಎಂದು ನನಗೆ ಹೇಳಿ ಚಾಪೆ ಬಿಡಿಸುತ್ತಿದ್ದ. ಒಂದು ದಿನ ಕರೆಂಟೂ ಇಲ್ಲದೆ, ಡೀಸೆಲ್ಲೂ ಮುಗಿದು ಮಿಲ್ಲು ನಿಂತಿತ್ತು. ಬ್ಯಾಟರಿ ಹಾಕಿದ ಟೇಪಿನಲ್ಲಿ ಮಾರಪ್ಪನ ಮಿಲ್ಲು ಜೋರಾಗಿ ಓಡುತ್ತಿತ್ತು. ಹಿಂದಿನ ಬೀದಿಯ ನಿಂಗಮ್ಮ ರಾಗಿಚೀಲ ಹೊತ್ತುಕೊಂಡು ಏದುಸಿರು ಬಿಡುತ್ತ ಬಂದಳು.

‘ಮಿಲ್ಲು ಓಡ್ತಾ ಇಲ್ವಾ?’

‘ಕರೆಂಟೇ ಇಲ್ವಲ್ಲ ನಿಂಗಮ್ಮ’ ಎಂದೆ.

‘ಮತ್ತ ಕೇಳ್ತಾ ಅದ?’

‘ಅದು ಜರ್ಮನಿ ಮಿಲ್ಲು ಕಣಮ್ಮಿ’ ಎಂದ ಚಿಕ್ಕಪ್ಪ, ಚಾಪೆಯ ಮೇಲಿಂದ.

‘ಬರೀ ಸದ್ದ್ ಮಾಡದು, ಇಟ್ಟ್ ಮಾಡದಿಲ್ಲ, ನಿನ್ನಂಗೇಯ ಅನ್ನು’ ಎಂದು ನಿಂಗಮ್ಮ ಚೀಲವನ್ನು ಸಾಲಿನಲ್ಲಿ ಇಟ್ಟು ಹೋದಳು.

ಹೀಗಿರುವಾಗ ಒಂದು ದಿನ ಕ್ಯಾಸೆಟ್ಟಿನ ಜೊತೆ ಕಾಗದವೂ ಬಂತು. ಮುಂದಿನ ಬಿಡುಗಡೆಯಲ್ಲಿ ಗುಂಡ್ಲುಪೇಟೆಯ ಮಿಲ್ಲಿನ ಸದ್ದೂ ತಾಯಿಯ ದನಿಯೂ ಇರುತ್ತವೆ, ಅವರು ಒಪ್ಪಬೇಕು, ದನಿ ಕೊಟ್ಟವರ ಹೆಸರನ್ನು ನಾವು ಅಚ್ಚು ಹಾಕುತ್ತೇವೆ, ಹೆಸರೇನು, ಅವರು ಕೂಗುವ ಮಾತೇನು, ಬರೆದು ತಿಳಿಸಿ ಎಂದು ಮಾರ್ಟಿನ್ ಬರೆದಿದ್ದ. ನಾನು ಕನ್ನಡದಲ್ಲಿ ಹೇಳಿದೆ. ಚಿಕ್ಕವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

‘ಎಸ್ರು ಆಕ್ತಾರ?’

‘ಹೂಂ ಚಿಕ್ಕವ್ವ.’

‘ಅಚ್ಚಲ್ಲಿ?’

‘ಅಚ್ಚಲ್ಲೇ.’

ಅವಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಆಮೇಲೆ, ಯಾರಾದರೂ ಕೇಳಿಸಿಕೊಂಡಾರೆಂಬಂತೆ ತಗ್ಗಿದ ದನಿಯಲ್ಲಿ, ‘ಶ್ರೀಮತಿ ಅಂತ ಆಕ್ಸ್‌ಬ್ಯಾಡ. ಪುಟ್ಟತಾಯಮ್ಮ ಅಂತ ಆಕ್ಸು’ ಎಂದಳು. ಲಗ್ನಪತ್ರಿಕೆಯ ದಿನ ಅವಳು ಎತ್ತಿಟ್ಟ ಕಲ್ಲು ಎಲ್ಲಿತ್ತೆಂದು ಆಗ ನನಗೆ ತಿಳಿಯಿತು.

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ, ‘ಪುಟ್ಟತಾಯಮ್ಮ ಕೋಂ ಶಿವಮಾದಪ್ಪ ಅಂತ ಬರೀಲಾ. ಇಲ್ದಿದ್ರ ಯಾವ ಪುಟ್ಟತಾಯಮ್ಮ ಅಂತ ಎಂಗ್ ಗೊತ್ತಾದ್ದು?’ ಎಂದ.

‘ಅಲ್ಲಿ ಕುಣಿಯೋರ್ಗ ನಾನ್ ಯಾರ ಎಡ್ತಿ ಅಂತ ಕಟ್ಕಂಡ್ ಏನಾಗ್ಬೇಕು?’ ಎಂದಳು ಚಿಕ್ಕವ್ವ.

‘ಕುಣಿತಾರ? ನಿನ್ ದನಿಗ?’ ಚಿಕ್ಕಪ್ಪನಿಗೆ ಆ ವಿಷಯ ಹೊಳೆದಿರಲಿಲ್ಲ. ‘ನಾನು ಇಷ್ಟು ವರ್ಷದಿಂದ ಕುಣ್ದಿದ್ದು ಸಾಲ್ದು ಅಂತ ಅವ್ರ್ನೂ ಕುಣುಸ್ತೀಯ ಅನ್ನು’ ಎಂದು ನಗುತ್ತ ಟೀ ಅಂಗಡಿಗೆ ಸುದ್ದಿ ಮುಟ್ಟಿಸಲು ಹೋದ.

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಪುಟ್ಟತಾಯಮ್ಮ ಎಂದು ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ? ಒಂದು ‘ಟಿ’ಯೋ ಎರಡೋ? ‘ತ’ಕ್ಕೆ ‘ಎಚ್’ ಹಾಕಬೇಕೋ ಬೇಡವೋ? ಹಾಕದಿದ್ದರೆ ‘ಟಾಯಮ್ಮ’ ಆಗುತ್ತಾಳೆ. ಹಾಕಿದರೆ ‘ಥಾಯಮ್ಮ’ ಆಗುತ್ತಾಳೆ. ಟ್ಯುಟೋರಿಯಲ್ಲಿನ ಹೆಡ್ ಮೇಷ್ಟ್ರನ್ನು ಕೇಳಿದರೆ ಅವರು ತಮ್ಮ ಅತ್ತೆಯ ಹೆಸರೂ ಅದೇ, ಯಾವತ್ತೂ ಬರೆಯುವ ಪ್ರಸಂಗ ಬಂದಿಲ್ಲ ಎಂದರು. ಹಲವು ಹಾಳೆ ಹಾಳು ಮಾಡಿ ಒಂದು ಸ್ಪೆಲಿಂಗಿಗೆ ನಿಂತೆ. ಆಮೇಲೆ ಇನ್ನೊಂದು ಚಿಂತೆ. ಕಾಗದದ ನಡುವೆ ಎಲ್ಲೋ ಹೆಸರು ಬರೆದರೆ ಅವರ ಕಣ್ಣಿಗೆ ಬೀಳದಿದ್ದರೆ? ಅದಕ್ಕೆ ಹೆಸರನ್ನು ಹಾಳೆಯ ನೆತ್ತಿಯ ಮೇಲೆ, ನಟ್ಟನಡುವೆ, ದಪ್ಪ ದುಂಡಕ್ಷರದಲ್ಲಿ ಬರೆದು, ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದೆ. ಅದರ ಕೆಳಗೆ, ದನಿ ಹೇಳುವುದು: ‘ಯಾರ್ದಮ್ಮ’, ಅರ್ಥ, ಇದು ಯಾರದು ತಾಯೀ, ಎಂದು ಬರೆದೆ. ಅದರ ಕೆಳಗೆ ಒಪ್ಪಿಗೆ. ಅದರ ಕೆಳಗೆ ಚಿಕ್ಕವ್ವ ನಿಧಾನವಾಗಿ, ನಾಲಗೆ ಕಚ್ಚಿಕೊಂಡು, ಕನ್ನಡದಲ್ಲಿ ರುಜು ಹಾಕಿದಳು. ಅಂಚೆ ಡಬ್ಬಕ್ಕೆ ಹಾಕಿದ ಮೇಲೆ, ಒಳಗೆ ಬಿತ್ತೋ ಬಾಯಲ್ಲೇ ಸಿಕ್ಕಿಕೊಂಡಿತೋ ಎಂದು ಡಬ್ಬದ ಬೆನ್ನು ತಟ್ಟಿದೆ.

ಆ ಕಾಯುವಿಕೆಯ ದಿನಗಳಲ್ಲಿ ಚಿಕ್ಕವ್ವ ಬಾಯಿಬಿಟ್ಟು ಒಂದು ಮಾತೂ ಕೇಳಲಿಲ್ಲ. ಅಂಚೆಯಣ್ಣನ ಸೈಕಲ್ಲು ಮಿಲ್ಲಿನ ಮುಂದೆ ಹಾದುಹೋಗುವಾಗ ಮಾತ್ರ ಕೈ ಒಂದು ಕ್ಷಣ ಕೊಳವೆ ತಟ್ಟುವುದನ್ನು ಮರೆಯುತ್ತಿತ್ತು. ಟೀ ಅಂಗಡಿಯಿಂದ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ‘ಏನವ್ವ, ಬತ್ತಾ ನಿನ್ ಎಸ್ರು?’ ಎಂದು ಚೀಲ ಇಡುವವರೆಲ್ಲ ಕೇಳುವರು. ‘ಬತ್ತದ, ಸಮುದ್ರದ ಮೇಲ ಅಡಗ್ನಲ್ ಬತ್ತಾ ಅದ’ ಎಂದು ಅವಳೂ ನಗುವಳು. ಬಾರದಿದ್ದರೆ ಈ ನಗೆಯೆಲ್ಲ ಯಾವ ಕಡೆ ತಿರುಗುತ್ತದೆಂದು ನನಗೆ ಗೊತ್ತಿತ್ತು. ನಾನೇ ಹೋಗಿ ಒಂದು ಕವರು ಅಚ್ಚು ಹಾಕಿಸಿ ತಂದುಬಿಡಲೇ ಎಂದೂ ಯೋಚಿಸಿದೆ. ಸಿಕ್ಕಿಬಿದ್ದರೆ ಎಂಬ ಚಿಂತೆ ಬಂದು ಸುಮ್ಮನಾದೆ.

ಪಾರ್ಸೆಲು ಬಂದದ್ದು ಒಂದು ಶನಿವಾರ, ಮಿಲ್ಲು ತುಂಬ ಚೀಲಗಳಿದ್ದಾಗ. ಒಳಗೆ ಒಂದೇ ಥರದ ಎರಡು ಕ್ಯಾಸೆಟ್ಟು, ಒಂದು ಅವಳಿಗೆ, ಒಂದು ನನಗೆ. ನಾನು ಕವರು ಓದುವಷ್ಟರಲ್ಲಿ ಚಿಕ್ಕಪ್ಪ ಒಂದು ಕ್ಯಾಸೆಟ್ಟು ಕಿತ್ತುಕೊಂಡು ಟೇಪಿಗೆ ತುರುಕಿದ. ಚಿಕ್ಕವ್ವ ಸ್ವಿಚ್ಚು ಆರಿಸಿದಳು. ಹಗಲು ಹೊತ್ತಿನಲ್ಲಿ ಕರೆಂಟಿದ್ದೂ ಅವಳು ಮಿಲ್ಲು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊದಲು ಎಂಜಿನ್ನು. ನಮ್ಮದೇ ಎಂಜಿನ್ನು, ಆದರೆ ಸ್ನಾನ ಮಾಡಿಸಿ ಹೊಸ ಬಟ್ಟೆ ಹಾಕಿದ ಹಾಗಿತ್ತು. ಆಮೇಲೆ ಪಟ್ಟೆಯ ‘ಟಪ್’. ಜರಡಿ ಎಲ್ಲೋ ದೂರದಿಂದ ಹತ್ತಿರ ಬಂದು ಮತ್ತೆ ದೂರ ಹೋಯಿತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಇದ್ದಕ್ಕಿದ್ದಂತೆ ಎಲ್ಲ ಸದ್ದೂ ನಿಂತು, ಟೇಪಿನೊಳಗಿಂದ ಚಿಕ್ಕವ್ವ ಕೂಗಿದಳು: ‘ಯಾರ್ದಮ್ಮಾ...!’

‘ನಂದು ಕಣವ್ವಾ!’ ಎಂದು ಜಗುಲಿಯಿಂದ ನಿಂಗಮ್ಮ ಓಡಿಬಂದಳು.

ಮಿಲ್ಲು ಬಿದ್ದುಹೋಗುವ ಹಾಗೆ ನಕ್ಕರು. ನಗು ಮುಗಿಯುವ ಮೊದಲೇ ಟೇಪು ಮತ್ತೆ ‘ಯಾರ್ದಮ್ಮಾ’ ಎಂದಿತು. ಇನ್ಯಾರೋ ‘ನಂದು’ ಎಂದರು, ಈ ಸಲ ಬೇಕೆಂದೇ. ಆಮೇಲೆ ಅದು ಕೇಳುವುದೂ ಇವರು ‘ನಂದು’ ಎನ್ನುವುದೂ ಒಂದು ಆಟವೇ ಆಯಿತು. ನನ್ನ ವಯಸ್ಸಿನ ಜರ್ಮನಿಯವರು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಇದಕ್ಕೆ ಹೇಗೆ ಕುಣಿದರೋ ಕಾಣೆ. ಉತ್ತರ ಕೊಡುವವರು ಅಲ್ಲಿ ಯಾರೂ ಇರಲಿಲ್ಲವಲ್ಲ ಎಂದು ಅವರ ಬಗ್ಗೆ ಸ್ವಲ್ಪ ಕನಿಕರವೆನಿಸಿತು. ಚಿಕ್ಕವ್ವ ಕಂಬಕ್ಕೆ ಒರಗಿ, ತನ್ನ ದನಿಯನ್ನು ಬೇರೆಯವರ ಮಗುವನ್ನು ನೋಡುವಂತೆ ನೋಡುತ್ತ ನಿಂತಿದ್ದಳು. ‘ನಾನ್ ಇಷ್ಟ್ ಜೋರಾ?’ ಎಂದು ಒಮ್ಮೆ ಮೆಲ್ಲಗೆ ಕೇಳಿದಳು.

ರೀಲು ಸುತ್ತಿಕೊಳ್ಳಲಿಲ್ಲ. ಯಾರೂ ಹೀಯಾಳಿಸಲಿಲ್ಲ. ಚಿಕ್ಕಪ್ಪ ಎಲ್ಲರಿಗೂ ಟೀ ಹೇಳಿದ.

‘ಈಗ ಎಸ್ರು ಓದು’ ಎಂದಳು ಚಿಕ್ಕವ್ವ.

ನಾನು ಕವರು ಬಿಡಿಸಿದೆ. ಹಲ್ಲುಚಕ್ರದ ಹಿಂಬದಿಯಲ್ಲಿ ಹಾಡುಗಳ ಸಾಲು. ಮೊದಲ ಮಗ್ಗುಲಿನ ಮೊದಲ ಹಾಡು ನಮ್ಮದು. ಓದಿದೆ. ಮತ್ತೊಮ್ಮೆ ಓದಿದೆ. ನೆತ್ತಿಯ ಮೇಲೆ, ನಟ್ಟನಡುವೆ, ಎರಡು ಗೆರೆ ಎಳೆದು ನಾನು ಬರೆದದ್ದನ್ನು ಅವರು ಹೆಡ್ಡಿಂಗೆಂದು ತಿಳಿದಿದ್ದರು. ಹಾಡಿನ ಹೆಸರು: ಪುಟ್ಟತಾಯಮ್ಮ. ಸ್ಪೆಲಿಂಗು ಒಂದಕ್ಷರವೂ ತಪ್ಪಿರಲಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ, ದನಿ: ಯಾರ್ದಮ್ಮ.

ಬೇರೇನಾದರೂ ಓದಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇದ್ದಂತೆಯೇ ಓದಿದೆ.

‘ಅಂದ್ರ, ನಿನ್ ಎಸ್ರು ಯಾರ್ದಮ್ಮ ಅಂತ ಆಯ್ತು’ ಎಂದು ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ.

‘ಆಡಿನ ಎಸ್ರು ನಂದಾ?’ ಎಂದು ಚಿಕ್ಕವ್ವ ನನ್ನನ್ನು ಕೇಳಿದಳು.

‘ಹೂಂ ಚಿಕ್ಕವ್ವ.’

‘ಇದೇ ಬೇಕು ಅಂದ್ರ ಅಲ್ಲಿಯೋರು ಏನಂತ ಕೇಳಾರು?’

‘ಪುಟ್ಟತಾಯಮ್ಮನ್ನ ಹಾಕಿ ಅಂತ.’

ಅವಳು ಕವರನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲಾಗದ ಅಕ್ಷರಗಳ ಮೇಲೆ ಬೆರಳಾಡಿಸಿ, ‘ಎಲ್ಲದ?’ ಎಂದಳು. ತೋರಿಸಿದೆ. ಬೆರಳಿನ ಹಿಟ್ಟು ಅಲ್ಲಿ ಮೆತ್ತಿಕೊಂಡಿತು.

ತಪ್ಪಾಗಿದೆ, ನಾಳೆಯೇ ಕಾಗದ ಬರೆದು ಮುಂದಿನ ಅಚ್ಚಿನಲ್ಲಿ ಸರಿಮಾಡಿಸುತ್ತೇನೆ ಎಂದು ನಾನು ಒಂದೇ ಸಮನೆ ಹೇಳತೊಡಗಿದೆ. ಚಿಕ್ಕವ್ವ ಕವರನ್ನು ಮಡಿಸಿ ಸೊಂಟದ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು.

‘ಏನೂ ಬರೀಬ್ಯಾಡ, ಸುಮ್ನಿರು’ ಎಂದಳು. ‘ತಿದ್ದಿ ಅಂದ್ರ, ಇರೋ ಎಸ್ರ್ನೂ ತಗುದ್ಬುಡ್ತಾರ.’